ನದಿಯ ನಡುವೆ ಕರಡಿ

ಕರಡಿ ಇನ್ನೂ ನದಿಯ ನಡುವೆ ಇರುವಾಗಲೇ ಕರೆಂಟು ಹೋಯಿತು.

ಸ್ಟುಡಿಯೋದ ಗಾಜಿನಾಚೆಯ ಪುಟ್ಟ ಕೋಣೆಯಲ್ಲಿ ಕುಳಿತಿದ್ದ ತಮ್ಮನಿಗೆ ಅದು ಗೊತ್ತಾಗಲಿಲ್ಲ. ಕಣ್ಣು ಮುಚ್ಚಿ, ಮೈಕಿಗೆ ತುಟಿ ತಾಗುವಷ್ಟು ಬಗ್ಗಿ, ಇನ್ನೂ ಮಾತು ತಿಳಿಯದ ಮಗಳಿಗೆಂದು ಕರಡಿಯ ಕಥೆ ಹೇಳುತ್ತಿದ್ದ. ಬೆಳಗಾದರೆ ಗಂಟಲಿನ ಆಪರೇಷನ್. ಆಮೇಲೆ ಉಸಿರಿರುತ್ತದೆ, ದನಿ ಇರುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು.

ಕೈಕೈಗೆ ಮೊಬೈಲು ಬರುವ ಮೊದಲಿನ ಮಾತು ಇದು. ರೆಕಾರ್ಡಿಂಗ್ ಕೆಲಸದಲ್ಲೇ ಕೂದಲು ನೆರೆಸಿಕೊಂಡ ಅಕ್ಕ ಈಚೆ ಕಂಪ್ಯೂಟರಿನ ಮುಂದಿದ್ದಳು. ಕಾಲ ಬುಡದಲ್ಲಿ ಯುಪಿಎಸ್ ಕೂಗತೊಡಗಿತು. ಅದರ ಬ್ಯಾಟರಿ ಈಗಲೋ ಆಗಲೋ ಅನ್ನುವಂತಿತ್ತು. ಆ ಕಂಪ್ಯೂಟರಿನ ರೀತಿಯೋ, ನಿಲ್ಲಿಸಿ ‘ಸೇವ್’ ಕೊಡುವ ತನಕ ಕೇಳಿದ್ದನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿರುತ್ತದೆ, ಡಿಸ್ಕಿಗೆ ಇಳಿಸುವುದಿಲ್ಲ. ನಿಲ್ಲಿಸಿದರೆ ಕಥೆಯ ಕೊನೆ ಹೋಯಿತು. ನಿಲ್ಲಿಸದಿದ್ದರೆ ಬೆಳಗಿನಿಂದ ಅವನು ನೀರು ಗುಟುಕರಿಸುತ್ತ ಹೇಳಿದ್ದೆಲ್ಲವೂ ಹೋಯಿತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅವಳ ಬೆರಳು ಎತ್ತಲೂ ಆಗದೆ, ಒತ್ತಲೂ ಆಗದೆ ನಿಂತಿತು.

ಭಗವಂತನ ಹೆಸರು ಹೇಳಿ ರೆಕಾರ್ಡಿಂಗ್ ನಿಲ್ಲಿಸಿ ‘ಸೇವ್’ ಒತ್ತಿಬಿಟ್ಟಳು.

ಸೇವ್ ಆಯಿತೆಂದು ಪರದೆ ಹೇಳಿತು. ಪರದೆಯ ಮಾತನ್ನು ಅವಳು ಯಾವತ್ತೂ ನಂಬಿದವಳಲ್ಲ. ಡಿಸ್ಕಿನ ಸಣ್ಣ ದೀಪ ಇನ್ನೂ ಮಿಟುಕುತ್ತಿತ್ತು. ಅದು ನಿಲ್ಲುವ ಮುಂಚೆ ಆಫ್ ಮಾಡುವಂತಿಲ್ಲ, ನಿಂತ ಮೇಲೆ ತಡ ಮಾಡುವಂತೆಯೂ ಇಲ್ಲ, ಎದ್ದು ಹೋಗುವುದಂತೂ ದೂರದ ಮಾತು. ಬ್ಯಾಟರಿ ಉಳಿಯಲೆಂದು ಸ್ಪೀಕರನ್ನೂ ಆರಿಸಿದಳು. ಪರದೆಯ ಮಂದ ಬೆಳಕಿನಲ್ಲಿ ಗಾಜಿನಾಚೆ ತಮ್ಮನ ತುಟಿಗಳಷ್ಟೇ ಆಡುತ್ತಿದ್ದವು.

ದೀಪದ ಮಿಟುಕು ನಿಂತಿತು. ಕಂಪ್ಯೂಟರನ್ನು ಆರಿಸಿ, ದಪ್ಪ ಬಾಗಿಲನ್ನು ಹೆಗಲಿಂದ ತಳ್ಳಿ ಒಳಗೆ ಹೋದಳು. ಅವನು ಅಷ್ಟರಲ್ಲಿ ಕಥೆ ಮುಗಿಸಿ ಕತ್ತಲಲ್ಲಿ ಕುಳಿತಿದ್ದ.

“ಕರಡಿ ದಡ ಸೇರಿದ್ದು ಬಂತೇನಕ್ಕಾ?” ದನಿ ಸವೆದು ನೂಲಿನಷ್ಟಾಗಿತ್ತು.

“ಇಲ್ಲ ಕಣೋ. ನೀರಲ್ಲೇ ನಿಂತಿದೆ. ಮಿಕ್ಕಿದ್ದೆಲ್ಲ ಬಂದಿದೆ.”

“ಪಾಪ, ಚಳಿ ಆಗುತ್ತೆ ಅದಕ್ಕೆ.”

ಆಸ್ಪತ್ರೆಗೆ ಹೊರಡುವ ಹೊತ್ತಾಗಿತ್ತು. ಮತ್ತೊಮ್ಮೆ ಮೈಕಿನ ಮುಂದೆ ಕೂರಿಸುವುದಕ್ಕೆ ಕರೆಂಟೂ ಇಲ್ಲ, ಅವನಲ್ಲಿ ತ್ರಾಣವೂ ಇಲ್ಲ.

“ಕೊನೇದು ನನಗೆ ಹೇಳು. ಅವಳಿಗೆ ನಾನು ಹೇಳ್ತೀನಿ,” ಎಂದಳು.

“ನೀನು ಹೇಳಿದ್ರೆ ಕರಡಿ ಬೈಸ್ಕೊಂಡೇ ದಡ ಸೇರುತ್ತೆ.”

ಅವಳು ನಗಲಿಲ್ಲ. ಅವನ ಬಾಯಿಯ ಹತ್ತಿರ ಕಿವಿ ತಂದು ಕಣ್ಣು ಮುಚ್ಚಿದಳು. ಅವನು ನಿಧಾನವಾಗಿ, ಉಸಿರಿನಲ್ಲೇ ಹೇಳಿ ಮುಗಿಸಿ, ತಡಕಾಡಿ ನೀರಿನ ಲೋಟ ಎತ್ತಿಕೊಂಡ. ಅವನು ಹೇಳಿದ್ದನ್ನೇ ಮತ್ತೆ ಹೇಳಿಕೊಳ್ಳುತ್ತ ಅವಳ ತುಟಿಗಳು ಮಾತ್ರ ಇನ್ನೂ ಸದ್ದಿಲ್ಲದೆ ಅಲುಗುತ್ತಿದ್ದವು.