ಅತ್ತೆಯ ಕೈನಡುಕ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಮನೆಯ ಅತ್ತೆ ಅವಳಿಗಿಂತ ಒಂದು ಕೈ ಮೇಲು. ಚೆನ್ನಾಗಿ ಕುಣಿಯಬಲ್ಲವಳೇ ಕಾಲು ಡೊಂಕೆಂದು ಕೂತಿದ್ದಳು.

ಕಾರಣವಿತ್ತು. ಹೋದ ವರ್ಷ ಅತ್ತೆ ಬಿದ್ದು ಸೊಂಟ ಮುರಿದುಕೊಂಡಾಗ ಸೊಸೆ ಬೇಕರಿಯ ಕೆಲಸ ಬಿಟ್ಟಿದ್ದಳು. ಈಗ ಬೇಕರಿಯವರು ಮತ್ತೆ ಕರೆದಿದ್ದರು. ಅತ್ತೆ ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲಳೇ ಎಂದು ಪರೀಕ್ಷೆ ಮಾಡಲು ಆಸ್ಪತ್ರೆಯಿಂದ ಒಬ್ಬಳು ಬಂದಿದ್ದಳು. ಮಗನೋ, ಬಸ್ಸು ಓಡಿಸಲು ಹೋದರೆ ರಾತ್ರಿಗೇ ಬರುವವನು. ಪಾಸಾದರೆ ಸೊಸೆಗೆ ಬೇಕರಿ, ಅತ್ತೆಗೆ ಸಂಜೆಯವರೆಗೆ ನಾಲ್ಕು ಗೋಡೆ. ಅದಕ್ಕೇ ಫೇಲಾಗಲು ಪಣ ತೊಟ್ಟಿದ್ದಳು ಮುದುಕಿ.

"ಅಜ್ಜಿ, ಒಂದು ಲೋಟ ಟೀ ಮಾಡಿ, ನೋಡೋಣ."

ಅತ್ತೆ ಹಾಲನ್ನು ಪಾತ್ರೆಗೂ ನೆಲಕ್ಕೂ ಸಮನಾಗಿ ಹಂಚಿದಳು. ಸ್ವೆಟರಿನ ಗುಂಡಿಗಳನ್ನು ಮೇಲೆ ಕೆಳಗೆ ಮಾಡಿ ಹಾಕಿಕೊಂಡಳು. ಸೊಸೆಯ ಮುಖ ಸಪ್ಪಗಾಯಿತು. ಅದನ್ನು ಕಂಡು ಅತ್ತೆಯ ಕರುಳು ಚುರುಕ್ಕೆಂದರೂ ಕೈ ನಡುಗುವುದನ್ನು ಬಿಡಲಿಲ್ಲ.

ಪರೀಕ್ಷೆಯವಳು ಬಗ್ಗಿದಾಗ ಅವಳ ಕೋಟಿನ ಗುಂಡಿ ಒಂದೇ ಎಳೆ ದಾರದಲ್ಲಿ ಜೋತಾಡಿತು.

"ಯಾವ ಮಹಾನುಭಾವ ಹೊಲಿದಿದ್ದಮ್ಮ ಇದನ್ನ?"

ಜೀವಮಾನವೆಲ್ಲ ಹೊಲಿಗೆ ಯಂತ್ರ ತುಳಿದವಳಿಗೆ ತಡೆಯಲಾಗಲಿಲ್ಲ. ದಾರದ ತುದಿ ಒದ್ದೆ ಮಾಡಿ, ಒಂದೇ ಏಟಿಗೆ ಸೂಜಿಗೆ ಪೋಣಿಸಿ, ಗುಂಡಿ ಬಿಗಿದು, ಹಲ್ಲಿನಿಂದ ದಾರ ಕಡಿದಳು. ತಲೆ ಎತ್ತಿ ನೋಡಿದರೆ ಇಬ್ಬರೂ ಅವಳ ಕೈಯನ್ನೇ ನೋಡುತ್ತಿದ್ದರು.

"ನಡುಕ ಎಲ್ಲಿ ಹೋಯ್ತು ಅಜ್ಜಿ?"

"ಬರುತ್ತೆ ಇರಮ್ಮ, ಅದಕ್ಕೂ ಒಂಚೂರು ಬಿಡುವು ಬೇಡ್ವಾ?"

ಪರೀಕ್ಷೆಯವಳು ನಗು ತಡೆದುಕೊಂಡು, "ತಲೆ ಯಾರು ಬಾಚೋದು?" ಎಂದಳು.

"ನಾನೇ, ವರ್ಷದಿಂದ!" ಸೊಸೆ ಸಿಡುಕಿದಳು. "ಕೈ ಎತ್ತೋಕಾಗಲ್ಲ ಅಂತಿದ್ರಲ್ಲ ಅತ್ತೆ, ಅದೂ ಸುಳ್ಳಾ?"

ಅತ್ತೆ ತಲೆ ತಗ್ಗಿಸಿದಳು. "ಎತ್ತೋಕಾಗುತ್ತೆ ಕಣೆ. ನಾನೇ ಬಾಚ್ಕೊಂಡ್ರೆ ನೀನು ನನ್ನ ಹತ್ರ ಯಾವಾಗ ಕೂತ್ಕೋತೀಯ? ಮಿಕ್ಕ ಹೊತ್ತೆಲ್ಲ ನಿಂಗೆ ಕೆಲಸ. ಒಬ್ಬಳೇ ಇರೋಕೆ ನಂಗೆ ಭಯ ಆಗುತ್ತೆ."

ಸೊಸೆ ಬೈಯುವುದು ಬಿಟ್ಟು ನೆಲದ ಹಾಲು ಒರೆಸತೊಡಗಿದಳು. ಪರೀಕ್ಷೆಯವಳು ಅತ್ತೆಯನ್ನು ಪಾಸು ಮಾಡಿ ಹೊರಟುಹೋದಳು.

ಸೊಸೆ ಬಾಗಿಲು ಹಾಕಿ ಬಂದು, ಅತ್ತೆಯ ಬೆನ್ನ ಹಿಂದೆ ಕೂತು ತುರುಬು ಬಿಚ್ಚಿದಳು.

"ಬೇಕರಿಗೆ ಮಾತ್ರ ಹೋಗೇ ಹೋಗ್ತೀನಿ. ನಾಳೆಯಿಂದ ಬೇಗ ಏಳಿ, ಬಾಚಿಯೇ ಹೊರಡೋದು."

"ಹೋಗು, ಬೇಡ ಅನ್ನಲ್ಲ. ಇವತ್ತಿಂದು ಬೆಳಿಗ್ಗೆನೇ ಬಾಚಾಯ್ತಲ್ಲೇ?"

"ಸುಮ್ನೆ ಕೂತ್ಕೊಳ್ಳಿ ಅತ್ತೆ," ಎಂದು ಸೊಸೆ ನಿಧಾನವಾಗಿ ಸಿಕ್ಕು ಬಿಡಿಸತೊಡಗಿದಳು.