ಜರಡಿಯ ಮೇಲೆ ಉಳಿದದ್ದು

ಊರಿನ ಹಿಟ್ಟಿನ ಗಿರಣಿಯವನು ಮಧ್ಯಾಹ್ನದ ಊಟವನ್ನು ಗಿರಣಿಯ ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತುಕೊಂಡೇ ಮುಗಿಸುತ್ತಿದ್ದ. ಅವನು ಬುತ್ತಿ ಬಿಚ್ಚಿದ್ದನ್ನು ಕಂಡವರಿದ್ದರು, ಕಟ್ಟಿದ್ದನ್ನು ಕಂಡವರಿದ್ದರು, ನಡುವೆ ಉಂಡದ್ದನ್ನು ಕಂಡವರಿರಲಿಲ್ಲ. ನಾಲ್ಕು ರೊಟ್ಟಿಗೆ ಎಂಟು ತುತ್ತು. ಹಲ್ಲಿಗೆ ಕೆಲಸ ಕೊಡುತ್ತಿರಲಿಲ್ಲ. ಮೇಲಿಂದ ಒಂದು ಲೋಟ ಸುಡುವ ಚಹಾ ಹೊಯ್ದರೆ ತುತ್ತು ತಾನಾಗಿ ಕೆಳಗೆ ಜಾರುತ್ತದೆ ಎಂಬುದು ಅವನ ನಂಬಿಕೆ. ಕೊನೆಗೆ ಬಾಯಿ ಮುಕ್ಕಳಿಸಿ, ಆ ಮೂಲೆಯ ನೆಲದಲ್ಲಿದ್ದ ತೂತಿಗೆ ಉಗಿದು, ಮತ್ತೆ ಯಂತ್ರದ ಹತ್ತಿರ ಬಂದುಬಿಡುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಹೀಗೆಯೇ.

ಈ ಅವಸರಕ್ಕೆ ಕಾರಣ ಕೆಲಸವಲ್ಲ. ಅವನಿಗೆ ತಿನ್ನುವುದೆಂದರೇ ಹೇಸಿಗೆ, ತಿನ್ನುವವರನ್ನು ಕಂಡರೆ ಇನ್ನೂ ಹೇಸಿಗೆ. ಮದುವೆಯ ಊಟಕ್ಕೆ ಕರೆದರೆ ಮುಯ್ಯಿ ಕೊಟ್ಟು ಬರುತ್ತಿದ್ದನೇ ಹೊರತು ಪಂಕ್ತಿಗೆ ಕೂರುತ್ತಿರಲಿಲ್ಲ. ಒಬ್ಬನ ತುಟಿಯಂಚಿನಲ್ಲಿ ನಿಂತ ಅಗುಳು, ಇನ್ನೊಬ್ಬ ಬೆರಳನ್ನು ಬುಡದ ತನಕ ನೆಕ್ಕುವ ಸದ್ದು, ಮಾತಾಡುವಾಗ ಬಾಯೊಳಗೆ ತಿರುಗುವ ಅರೆದ ಮುದ್ದೆ. ಒಮ್ಮೆ ಕಂಡರೆ ಎರಡು ದಿನ ಕಣ್ಣ ಮುಂದೆ ಇರುತ್ತಿತ್ತು. ಇನ್ನೊಬ್ಬರ ಮನೆಯ ಲೋಟದಲ್ಲಿ ಅವನು ನೀರು ಕುಡಿದದ್ದನ್ನು ಊರು ಕಂಡಿಲ್ಲ.

ಊರವರು ಅವನನ್ನು ಜರಡಿ ಎಂದು ಕರೆಯುತ್ತಿದ್ದರು. ಬೇರೆ ಗಿರಣಿಗಳಲ್ಲಿ ಒಂದು ಜರಡಿಯಿದ್ದರೆ ಇವನಲ್ಲಿ ಎರಡು. ಅಂಗೈಯಲ್ಲಿ ಹಾಕಿದರೆ ಉಸಿರಿಗೇ ಹಾರಿಹೋಗುವಂಥ ಹಿಟ್ಟು. ಒಂದು ಕಂದು ಚುಕ್ಕೆ ಕಂಡರೂ ಚೀಲ ಬಿಚ್ಚಿ ಮತ್ತೆ ಜರಡಿ ಹಿಡಿಯುತ್ತಿದ್ದ. ಹೆಬ್ಬೆರಳು ತೋರುಬೆರಳ ನಡುವೆ ಹಿಟ್ಟನ್ನು ಉಜ್ಜಿ, ಕಲ್ಲಿನ ಸದ್ದಿಗೆ ಕಿವಿಗೊಟ್ಟು, ಕಲ್ಲುಗಳ ನಡುವಿನ ಸಂದನ್ನು ಕೂದಲೆಳೆಯಷ್ಟು ಬಿಗಿ ಮಾಡುವುದು, ಸಡಿಲ ಮಾಡುವುದು. ಆ ವಿದ್ಯೆ ಅವನೊಬ್ಬನಿಗೇ ಗೊತ್ತಿದ್ದದ್ದು. ಹೊಸ ಫಸಲಿನ ಕಾಳು ಹಸಿ ಇರುತ್ತದೆ. ಸಂದು ತಪ್ಪಿದರೆ ಹಿಟ್ಟು ಕಲ್ಲಿಗೆ ಮೆತ್ತಿ ಸೀದುಹೋಗುತ್ತದೆ.

ಜರಡಿಯ ಮೇಲೆ ಉಳಿದ ತವುಡು ತಗಡಿನ ದೋಣಿಯ ಮೇಲೆ ಜಾರಿ, ಅದೇ ಮೂಲೆಯ ತೂತಿನಿಂದ ನೆಲದಡಿಯ ಗುಂಡಿಗೆ ಬೀಳುತ್ತಿತ್ತು. ಅದು ದನದ ತಿಂಡಿ, ಅದರ ಕಡೆ ಯಾರು ನೋಡುತ್ತಾರೆ? ವಾರಕ್ಕೆರಡು ಸಲ ಹಾಲು ಮಾರುವವಳು ಬಂದು ಚೀಲ ಹಿಡಿದರೆ, ಜರಡಿ ಗುಂಡಿಯ ಬಾಗಿಲು ತೆಗೆದು, ಮುಖ ಆಚೆ ತಿರುಗಿಸಿ, ಸಲಿಕೆಯಲ್ಲಿ ತುಂಬಿಕೊಡುತ್ತಿದ್ದ.

ಹೀಗಿರುವಾಗ ಅವನ ಹೊಟ್ಟೆ ನಿಂತುಹೋಯಿತು.

ಮೊದಲು ಎರಡು ದಿನಕ್ಕೊಮ್ಮೆ, ಆಮೇಲೆ ಮೂರು ದಿನಕ್ಕೊಮ್ಮೆ ಎನ್ನುವಂತಿದ್ದದ್ದು ಈ ಸಲ ಆರು ದಿನವಾದರೂ ಇಲ್ಲ. ಹೊಟ್ಟೆ ಬಿಗಿದ ಚೀಲದಂತಾಗಿತ್ತು. ತೇಗು ಬಂದರೆ ತನ್ನ ವಾಸನೆಗೆ ತಾನೇ ಮೂಗು ಮುಚ್ಚಿಕೊಳ್ಳುತ್ತಿದ್ದ. ಡಾಕ್ಟರಮ್ಮ ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ ನೋಡಿ, ಏನು ತಿನ್ನುತ್ತೀ ಎಂದು ಕೇಳಿದಳು. ಇವನು ಹೆಮ್ಮೆಯಿಂದಲೇ ಹೇಳಿದ. ಅವಳು ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದಳು.

"ನೀನು ಊಟ ಮಾಡ್ತಿಲ್ಲಪ್ಪ, ಗೋಡೆಗೆ ಸುಣ್ಣ ಮೆತ್ತಿದ ಹಾಗೆ ಒಳಗೆ ಮೆತ್ಕೊಳ್ತಿದ್ದೀಯ."

ತವುಡು ತೆಗೆಯದ ಹಿಟ್ಟು, ದಿನಾ ಸೊಪ್ಪು, ಎದ್ದ ತಕ್ಷಣ ಬಿಸಿನೀರು, ಕೂತು ಅಗಿದು ತಿನ್ನುವುದು, ಉಂಡ ಮೇಲೆ ನಾಲ್ಕು ಹೆಜ್ಜೆ ನಡೆಯುವುದು ಎಂದು ಹೇಳುತ್ತಾ ಹೋದಳು. ನಾಲ್ಕು ದಿನ ನೋಡುತ್ತೇನೆ, ಆಗಲೂ ದಾರಿ ಬಿಡದಿದ್ದರೆ ದೊಡ್ಡ ಆಸ್ಪತ್ರೆ, ಅಲ್ಲಿ ಎಷ್ಟು ದಿನವೋ ಹೇಳಲಾರೆ ಎಂದಳು. ಹೊಸ ಕಾಳಿನ ಗಾಡಿಗಳು ಆಗಲೇ ಗಿರಣಿಯ ಮುಂದೆ ನಿಲ್ಲತೊಡಗಿದ್ದವು. ವರ್ಷದ ಅನ್ನವೆಲ್ಲ ಈ ಒಂದು ತಿಂಗಳಲ್ಲಿತ್ತು. ಈಗ ಕಲ್ಲು ನಿಂತರೆ ಜನ ಇನ್ನೊಂದು ಊರಿನ ಗಿರಣಿಯ ದಾರಿ ಹಿಡಿಯುತ್ತಾರೆ, ಹಿಡಿದವರು ತಿರುಗಿ ಬರುವುದಿಲ್ಲ.

ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಅಡುಗೆಗೆಂದು ಅವನ ಅಕ್ಕ ಬಂದಳು. ಅರುವತ್ತೆಂಟರ ಹೆಂಗಸು, ಬಾಯಲ್ಲಿ ಉಳಿದದ್ದು ಒಂಬತ್ತು ಹಲ್ಲು, ಅವೂ ಒಂದಕ್ಕೊಂದು ಮುಖ ಕೊಡದವು. ಒಂದು ತುತ್ತು ಬಾಯಿಗಿಟ್ಟರೆ ಎಡಕ್ಕೆ ಒಯ್ದು, ಬಲಕ್ಕೆ ತಂದು, ನಡುವೆ ನಿಲ್ಲಿಸಿ ಏನೋ ಯೋಚಿಸಿ, ಮತ್ತೆ ಎಡಕ್ಕೆ. ಜರಡಿ ಅಡುಗೆಮನೆಯಲ್ಲೂ ಗೋಡೆಗೆ ತಿರುಗಿ ನಿಂತ.

"ನನ್ನ ಮುಖ ನೋಡೋಕೆ ಆಗಲ್ವೇನೋ?" ಎಂದಳು ಅಕ್ಕ.

"ಎಮ್ಮೆ ಮೆಲುಕು ಹಾಕಿದ ಹಾಗಿದೆ ಅಕ್ಕ, ನೀನು ತಿನ್ನೋದು."

"ಹೌದಪ್ಪ. ಎಮ್ಮೆ ಯಾವತ್ತಾದ್ರೂ ಆರು ದಿನ ಹೊಟ್ಟೆ ಹಿಡ್ಕೊಂಡು ಕೂತಿದ್ದು ನೋಡಿದ್ದೀಯ?"

ಮರುದಿನ ಮಧ್ಯಾಹ್ನ ಬುತ್ತಿ ಬಿಚ್ಚಿದರೆ ರೊಟ್ಟಿಯ ಮೈತುಂಬ ಕಂದು ಚುಕ್ಕೆ. ಅಕ್ಕ ಬೆಳಿಗ್ಗೆಯೇ ಬಂದು ಗುಂಡಿಯಿಂದ ಒಂದು ಮೊರ ತವುಡು ತುಂಬಿಕೊಂಡು ಹೋಗಿದ್ದಳು. ಅರ್ಧ ತುತ್ತು ಗಂಟಲಲ್ಲಿದ್ದಾಗ ಮೂಟೆ ಹೊರುವವನೊಬ್ಬನಿಂದ ಅದು ಅವನಿಗೆ ತಿಳಿಯಿತು. ಗಿರಣಿಯ ಹಿಂದೆ ಓಡಿ, ಕರುಳು ಬಾಯಿಗೆ ಬರುವಷ್ಟು ವಾಂತಿ ಮಾಡಿದ. ಮನೆಗೆ ಹೋದವನೇ ಅಕ್ಕನ ಮುಂದೆ ನಿಂತು ಗುಂಡಿಯಲ್ಲಿ ಏನೇನಿದೆ ಎಂದು ಒಂದೊಂದಾಗಿ ಹೇಳಿದ. ಇಲಿಯ ಹಿಕ್ಕೆ. ಬಲೆ ನೇಯುವ ಹುಳ. ಮೂಟೆ ಹೊರುವವರು ಉಗಿದ ಹೊಗೆಸೊಪ್ಪು.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು.

"ಇಷ್ಟೆಲ್ಲ ಇದೆ ಅಂತ ನಿನಗೆ ಗೊತ್ತಿತ್ತಾ?"

"ಅದು ದನಕ್ಕೆ, ಅಕ್ಕ."

"ದನದ ಬಾಯಿ ಬಾಯಲ್ವಾ? ತವುಡು ಹೊಲದಿಂದ ಬರೋವಾಗ ಹೊಲಸಾಗಿತ್ತೇನೋ?" ಎಂದಷ್ಟೇ ಕೇಳಿ ಸೊಪ್ಪು ಸೋಸತೊಡಗಿದಳು.

ಮೂರನೆಯ ದಿನ ಹಾಲು ಮಾರುವವಳು ಚೀಲ ಹಿಡಿದು ಬಂದಳು. ಜರಡಿ ಸಲಿಕೆ ಎತ್ತಿಕೊಂಡ. ಅಂದು ಮುಖ ತಿರುಗಿಸಲು ಆಗಲಿಲ್ಲ. ಅಕ್ಕನ ಮಾತು ಕುತ್ತಿಗೆಯನ್ನು ಹಿಡಿದಂತಿತ್ತು. ಸಲಿಕೆಯಲ್ಲಿ ತವುಡಿನ ಜೊತೆ ಒಂದು ಇಲಿಮರಿಯ ಒಣಗಿದ ಬಾಲ ಬಂತು. ಅವನು ಅದನ್ನು ಕಡ್ಡಿಯಿಂದ ತೆಗೆದು ಎಸೆದ. ಹಾಲಿನವಳಿಗೆ ನಗು ಬಂತು.

"ಬಿಡಿ ಅಣ್ಣ, ನಾವೇ ಆರಿಸ್ಕೊಳ್ತೀವಿ. ಬಿಸಿಲಿಗೆ ಹರಡಿ ಹಿಕ್ಕೆ ಎಲ್ಲ ಹೆಕ್ಕಿ ಹಾಕಿದ ಮೇಲೇ ಮಾವನಿಗೆ ಗಂಜಿ ಮಾಡೋದು."

"ಯಾರಿಗೆ?"

ಮಾವನಿಗೆ ಎಂಬತ್ತನಾಲ್ಕು ದಾಟಿದೆ, ಬೆಳಿಗ್ಗೆ ತವುಡಿನ ಗಂಜಿ ಇಲ್ಲದಿದ್ದರೆ ಮನೆ ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ ಎಂದು ಅವಳು ಹೇಳಿದಳು. ಹತ್ತು ವರ್ಷದಿಂದ ಹೀಗೆಯೇ, ಗಡಿಯಾರ ತಪ್ಪಿದರೂ ಅವರ ಹೊಟ್ಟೆ ತಪ್ಪುವುದಿಲ್ಲ, ಎಲ್ಲ ನಿಮ್ಮ ಗಿರಣಿಯ ಪುಣ್ಯ ಎಂದು ಕೈ ಮುಗಿಯುವ ಹಾಗೆ ಮಾಡಿ ನಕ್ಕಳು.

ಜರಡಿಗೆ ನಗು ಬರಲಿಲ್ಲ. ಬರಿಗೈಯಲ್ಲಿ ಅವಳನ್ನು ಕಳಿಸಿ, ಕಾಯುತ್ತಿದ್ದ ಗಾಡಿಯವರಿಗೆ ಮಧ್ಯಾಹ್ನದ ತನಕ ತಡೆಯಲು ಹೇಳಿ, ಯಂತ್ರ ನಿಲ್ಲಿಸಿದ. ಕಂದೀಲು ಹಿಡಿದು ಗುಂಡಿಗೆ ಇಳಿದ. ಇಪ್ಪತ್ತೆರಡು ವರ್ಷದಲ್ಲಿ ಬಾಗಿಲಿಗೆ ಬಗ್ಗಿದ್ದನೇ ಹೊರತು ಒಳಗೆ ಇಳಿದಿರಲಿಲ್ಲ.

ಗೋಡೆಯುದ್ದಕ್ಕೂ ಬಲೆ, ಬಲೆಯ ತುಂಬ ತವುಡು, ತವುಡಿನಲ್ಲಿ ಮಿಸುಕುವ ಬಿಳಿ ಹುಳ. ಒಂದು ಮೂಲೆಯಲ್ಲಿ ಹಳೆಯ ಗೋಣಿಯ ಎಳೆ ಹೆಣೆದು ಮಾಡಿದ ಇಲಿಗೂಡು, ಅದರೊಳಗೆ ಚರ್ಮವಷ್ಟೇ ಉಳಿದ ನಾಲ್ಕು ಮರಿ. ಅವನು ಬಾಯಿಗೆ ಬಟ್ಟೆ ಕಟ್ಟಿಕೊಂಡು ಎಲ್ಲವನ್ನೂ ಬುಟ್ಟಿಗೆ ಗೋರಿದ. ದೋಣಿಯ ನೇರ ಕೆಳಗೆ ಮಾತ್ರ ಸಲಿಕೆ ಇಳಿಯಲಿಲ್ಲ. ಅಲ್ಲಿ ತವುಡು ಕಲ್ಲಾಗಿತ್ತು. ಪದರದ ಮೇಲೆ ಪದರ, ಕಂದು, ಕಪ್ಪು, ನಡುವೆ ಹಸಿರು ಬೂಸ್ಟು. ಹಾರೆ ಹಾಕಿ ಒಂದು ಹೆಂಟೆ ಎಬ್ಬಿಸಿ ಕಂದೀಲಿಗೆ ಹಿಡಿದ. ಹುಳಿತ ಚಹಾದ ವಾಸನೆ ಬಂತು.

ಈ ನೀರು ಎಲ್ಲಿಂದ ಬಂತು ಎಂದು ತಲೆಯೆತ್ತಿದ. ಮೇಲೆ ಅಂಗೈಯಗಲದ ಬೆಳಕು. ತಾನು ದಿನಾ ಗೋಡೆಗೆ ಮುಖ ಮಾಡಿ ಉಣ್ಣುವ ಮೂಲೆ. ತಾನು ದಿನಾ ಬಾಯಿ ಮುಕ್ಕಳಿಸಿ ಉಗಿಯುವ ತೂತು.

ಹೆಂಟೆ ಕೈಯಿಂದ ಬಿತ್ತು. ಆ ಕೈಯನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಗಾಳಿಯಲ್ಲಿ ಹಿಡಿದುಕೊಂಡೇ ನಿಂತ. ವಾಂತಿಯೂ ಬರಲಿಲ್ಲ. ಬೇರೆಯವರ ತುಟಿ, ಬೆರಳು, ಅಗುಳು ಎಂದು ಇಷ್ಟು ವರ್ಷ ಹೇಸಿದ್ದೇನೋ ಸರಿ. ಒಬ್ಬ ಮುದುಕ ಹತ್ತು ವರ್ಷ ತನ್ನ ಎಂಜಲನ್ನು ಕುದಿಸಿ ಕುಡಿದಿದ್ದಾನೆ. ತನ್ನ ಬಾಯಿ ತನಗೇ ಹೊಲಸೆನಿಸಿ, ಬಟ್ಟೆಯೊಳಗೆ ತುಟಿಯನ್ನು ಒಳಕ್ಕೆಳೆದುಕೊಂಡ.

ಸಂಜೆಯೊಳಗೆ ಗುಂಡಿ ತೊಳೆದು ಸುಣ್ಣ ಬಳಿದದ್ದಾಯಿತು, ತೂತಿಗೆ ಗಾರೆ ಮೆತ್ತಿದ್ದಾಯಿತು, ದೋಣಿಯ ಬಾಯಿಗೆ ಒಗೆದ ಬಟ್ಟೆಯ ಚೀಲ ಕಟ್ಟಿದ್ದಾಯಿತು. ಅಕ್ಕ ಗಿರಣಿಯ ಹೊಸ್ತಿಲಲ್ಲಿ ಕೂತು ಏನನ್ನೋ ಅಗಿಯುತ್ತಾ ನೋಡುತ್ತಿದ್ದಳು. ಕೈ ಹಾಕಲಿಲ್ಲ. ಮಾಡಿದ್ದುಣ್ಣೋ ಮಾರಾಯ ಎಂದು ಒಂದು ಸಲ ಹೇಳಿದಳು, ಅಷ್ಟೆ. ಕಾದಿದ್ದ ಗಾಡಿಗಳಲ್ಲಿ ಎರಡು ತಿರುಗಿ ಹೋಗಿದ್ದವು. ಉಳಿದವರ ಕಾಳು ಬೀಸುವಾಗ, ಕೂತಲ್ಲಿ ನಿಂತಲ್ಲಿ ಹೊಟ್ಟೆ ಹಿಂಡುತ್ತಿತ್ತು.

ಆ ರಾತ್ರಿಯ ರೊಟ್ಟಿಯಲ್ಲಿ ಹೊಸ ಚೀಲದ ತವುಡಿತ್ತು. ಅಕ್ಕ ತನ್ನ ಎದುರು ಮಣೆ ಹಾಕಿ ಕೂರಿಸಿದಳು. ಅವನು ಅಗಿದ. ಬಾಯಲ್ಲಿ ಒದ್ದೆ ಮರದ ಪುಡಿ ತಿರುಗಿದಂತೆ, ನಾಲಿಗೆಗೆ ಮುಳ್ಳು ಮುಳ್ಳು. ಇಪ್ಪತ್ತು ಸಲ ಅಗಿದು ನುಂಗಲು ಹೋದರೆ ಅಕ್ಕ ಬೆರಳೆತ್ತಿ, ಇನ್ನೂ ಹತ್ತು ಎನ್ನುತ್ತಿದ್ದಳು. ಅವಳ ದವಡೆ ಎದುರಿಗೆ ಎಡಕ್ಕೆ ಬಲಕ್ಕೆ ಹೊರಳುತ್ತಿತ್ತು. ಹೇಸಿಗೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಈಗ ತನ್ನ ದವಡೆಯ ಸದ್ದೂ ಕಿವಿಗೆ ಬೀಳುತ್ತಿತ್ತು, ಅದೇನು ಅವಳದಕ್ಕಿಂತ ಚೊಕ್ಕವಾಗಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕ ಎರಡು ಚೊಂಬು ಬಿಸಿನೀರು ಕುಡಿಸಿದಳು. ಏನೂ ಆಗಲಿಲ್ಲ. ಸಂಜೆಗೆ ಡಾಕ್ಟರಮ್ಮನ ಬಳಿ ಹೋಗಬೇಕಿತ್ತು. ಜರಡಿ ಒಂದು ಚೀಲ ಚೊಕ್ಕ ತವುಡು ಹೆಗಲಿಗೇರಿಸಿ ಹಾಲಿನವಳ ಮನೆಗೆ ನಡೆದ. ಬಗ್ಗಿಕೊಂಡೇ ನಡೆದ.

ಮುದುಕ ಜಗಲಿಯಲ್ಲಿ ಬಟ್ಟಲು ಹಿಡಿದು ಕೂತಿದ್ದ. ಗಂಜಿ ಗಲ್ಲದ ಮೇಲೆ ಇಳಿದು, ಗಡ್ಡದ ತುದಿಯಲ್ಲಿ ತೊಟ್ಟಾಗಿ ನಿಂತಿತ್ತು. ಅವನು ಗಂಜಿಯನ್ನೂ ಅಗಿಯುತ್ತಿದ್ದ. ಜರಡಿ ಚೀಲ ಇಳಿಸಿ, ಮನೆಯಲ್ಲಿರುವ ಹಳೆಯ ತವುಡನ್ನೆಲ್ಲ ಗೊಬ್ಬರದ ಗುಂಡಿಗೆ ಚೆಲ್ಲಲು ಹೇಳಿದ. ಯಾಕೆಂದು ಹಾಲಿನವಳು ಕೇಳಿದಳು.

"ಅದರಲ್ಲಿ ನಾನು ದಿನಾ ಬಾಯಿ ಮುಕ್ಕಳಿಸಿ ಉಗೀತಿದ್ದೆ. ಅದು ಎಲ್ಲಿಗೆ ಬೀಳುತ್ತೆ ಅಂತ ಯೋಚಿಸಿರಲಿಲ್ಲ. ನೋಡಿರಲಿಲ್ಲ."

ಹಾಲಿನವಳು ಸೆರಗನ್ನು ಬಾಯಿಗಿಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಇಷ್ಟು ವರ್ಷ ತಾನು ಲೋಕವನ್ನು ನೋಡುತ್ತಿದ್ದ ಮುಖವೇ ಅವಳಲ್ಲಿ ಕಂಡಿತು. ಅವನು ತಲೆ ತಗ್ಗಿಸಿದ.

ಮುದುಕ ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗುವ ತನಕ ಮಾತಾಡಲಿಲ್ಲ.

"ಅದಕ್ಕೇ ಉಂಡೆ ಉಂಡೆ ಬರ್ತಿತ್ತು ಅನ್ನು. ಉಂಡೆ ಎಲ್ಲ ಎಮ್ಮೆಗೇ ಹಾಕ್ತಿದ್ವಿ. ಎಮ್ಮೆ ಹತ್ರ ಹೋಗಿ ತಪ್ಪಾಯ್ತು ಅನ್ನು," ಎಂದ. ಆಮೇಲೆ ಸೊಸೆಗೆ, "ಅವನು ತಂದಿದ್ದರಲ್ಲೇ ಅವನಿಗೂ ಒಂದು ಬಟ್ಟಲು ಮಾಡು. ಚೊಕ್ಕವೋ ಅಲ್ವೋ ಅವನೇ ತಿಂದು ತೋರಿಸಲಿ," ಎಂದ.

ಅಂಚು ಚಕ್ಕೆ ಎದ್ದ ಬಟ್ಟಲು. ಅದರಲ್ಲಿ ಯಾರು ಯಾರು ಉಂಡಿದ್ದರೋ. ಬೇಡ ಎನ್ನಲು ಬಾಯಿರಲಿಲ್ಲ. ಜರಡಿ ಮುದುಕನ ಎದುರಿಗೇ ಕೂತ. ಗಡ್ಡದ ತೊಟ್ಟು ನಡುಗುವುದನ್ನು ನೋಡುತ್ತಾ, ಉಸಿರು ಬಿಗಿಹಿಡಿದು, ಒಂದೊಂದೇ ಗುಟುಕನ್ನು ಅಗಿದು ಇಳಿಸಿದ. ಬಟ್ಟಲು ತಳ ಕಾಣುವ ಹೊತ್ತಿಗೆ ಒಳಗೆಲ್ಲೋ ಕಲ್ಲು ಸಡಿಲ ಮಾಡಿದಾಗಿನ ಸದ್ದಾಯಿತು. ಮತ್ತೊಮ್ಮೆ, ಇನ್ನೂ ಕೆಳಗೆ. ಹಣೆಯ ಮೇಲೆ ಬೆವರು ಮೂಡಿತು. ಬಟ್ಟಲು ಕೆಳಗಿಟ್ಟು ಎದ್ದು ನಿಂತ. ಮನೆ ದೂರವಿತ್ತು, ಗಿರಣಿಯೂ ದೂರವಿತ್ತು.

"ಹಿತ್ತಲಲ್ಲಿದೆ," ಎಂದ ಮುದುಕ. "ದಾರಿ ಬಿಡಮ್ಮ ಅವನಿಗೆ."

ಹಿತ್ತಲ ಕಕ್ಕಸಿಗೆ ಬಾಗಿಲಿನ ಬದಲು ಗೋಣಿಯಿತ್ತು, ಒಳಗೆ ಪಾಚಿ ಹಿಡಿದ ಬಕೆಟ್ಟು, ಕಿವಿ ಮುರಿದ ಚೊಂಬು, ಮೂಲೆಯಲ್ಲಿ ಕಾಲು ಚಾಚಿದ ಜೇಡ, ಹಿಂದೆ ಬಂದು ಹೋದವರ ಗುರುತು. ಎಲ್ಲವನ್ನೂ ಅವನು ಕಂಡ. ಬೇರೆ ದಿನವಾದರೆ ಇಷ್ಟರಲ್ಲಿ ಒಂದೇ ಸಾಕಿತ್ತು ಓಡಿಹೋಗಲು.

ಗೋಣಿ ಎಳೆದುಕೊಂಡು ಕೂತ.