ಹಿಂದಿನ ಎಡಮೂಲೆ

ಮೂರನೆಯ ಗೇಮಿನಲ್ಲಿ ಎದುರಿನವರು ಎಂಟು, ಇವರು ಐದು ಆದಾಗ ಅಂಪೈರ್ ಬದಿ ಬದಲಿಸಲು ಹೇಳಿದ. ಅನ್ನಪೂರ್ಣಾ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ನೆಟ್ಟಿನ ಕಂಬದ ಕಡೆ ನಡೆದಳು. ಎಂ.ಕೆ. ಹುಬ್ಬಳ್ಳಿಯ ಆ ಕ್ಲಬ್ಬಿನ ಹಾಲಿನಲ್ಲಿ ಕಬ್ಬು ಅರೆಯುವ ಕಾಲದ ಹುಳಿ ಬೆರೆತ ಸಿಹಿ ವಾಸನೆ ತುಂಬಿತ್ತು. ಶಟಲ್ ಗಾಳಿಗೆ ಹಾರದಿರಲೆಂದು ಕಿಟಕಿಗಳಿಗೆ ತಾಡಪತ್ರಿ ಕಟ್ಟಿದ್ದರಿಂದ ಸೆಕೆ ಒಳಗೇ ನಿಂತಿತ್ತು. ಮುಂದಿನ ಸಾಲಿನಲ್ಲಿ ಬೆಂಗಳೂರಿನಿಂದ ಬಂದ ಆಯ್ಕೆ ಸಮಿತಿಯ ಇಬ್ಬರು ಕುಳಿತಿದ್ದರು. ಈ ಫೈನಲ್ ಗೆದ್ದವರು ರಾಜ್ಯದ ಮೊದಲ ಜೋಡಿಯಾಗಿ ರಾಷ್ಟ್ರೀಯ ಪಂದ್ಯಾವಳಿಗೆ ಹೋಗುತ್ತಾರೆಂದು ಬೆಳಿಗ್ಗೆಯೇ ಸಾರಿದ್ದರು.

ಕಂಬದ ಆಚೆ ಬದಿಯಿಂದ ಎದುರಿನ ಜೋಡಿಯ ರಂಜನಾ ಬಂದಳು. ದಾಟುವಾಗ ಇಬ್ಬರೂ ನೆಲ ನೋಡಿದರು.

ಎಂಟು ವರ್ಷ ಇದೇ ರಂಜನಾ ಅನ್ನಪೂರ್ಣಾಳ ಜೊತೆಗಾತಿಯಾಗಿದ್ದಳು. ಚಚಡಿಯ ಲಗಮಪ್ಪನ ಮಗಳು. ಹೈಸ್ಕೂಲಿಗೆಂದು ಬೈಲಹೊಂಗಲಕ್ಕೆ ಬಂದವಳು ಅನ್ನಪೂರ್ಣಾಳ ಮನೆಯಲ್ಲೇ ಉಳಿದಳು. ಅನ್ನಪೂರ್ಣಾಳ ಅಪ್ಪನ ಹತ್ತಿ ಗೋದಾಮು ಖಾಲಿಯಿದ್ದಾಗ ನೆಲಕ್ಕೆ ಸುಣ್ಣದ ಗೆರೆ ಎಳೆದು ಇಬ್ಬರೂ ಆಟ ಕಲಿತರು. ತಾಯಿ ಸಾವಿತ್ರೆವ್ವ ಇಬ್ಬರಿಗೂ ಒಂದೇ ತಾಟಿನಲ್ಲಿ ರೊಟ್ಟಿ ಬಡಿಸಿ, "ಜೋಡೆತ್ತು ಇವು, ಒಂದ ಬಿಟ್ಟ ಒಂದ ನೀರೂ ಕುಡಿಯಂಗಿಲ್ಲ" ಎನ್ನುತ್ತಿದ್ದಳು.

ಒಮ್ಮೆ ಸವದತ್ತಿಯ ಪಂದ್ಯದಲ್ಲಿ, ಸಿಮೆಂಟಿನ ನೆಲದ ಮೇಲೆ, ರಂಜನಾಳ ಎಡ ಮೊಣಕಾಲು ತಿರುಚಿತು. ತಿಂಗಳೊಪ್ಪತ್ತಿನಲ್ಲಿ ವಾಸಿಯಾಯಿತೆಂದು ಎಲ್ಲರೂ ತಿಳಿದರು. ಆದರೆ ಹಿಂದಿನ ಎಡಮೂಲೆಗೆ ಒಮ್ಮೆಲೇ ತಿರುಗಿ ಓಡಬೇಕಾದಾಗ ಆ ಕಾಲು ಸೋಲುತ್ತಿತ್ತು. ಗೊತ್ತಿದ್ದದ್ದು ಅನ್ನಪೂರ್ಣಾಳೊಬ್ಬಳಿಗೇ. "ಆ ಮೂಲಿ ನಂದು. ನೀ ಮುಂದ ನೋಡ್ಕೊ" ಎಂದಿದ್ದಳು. ಅಲ್ಲಿಂದ ಮುಂದೆ ಆ ಮೂಲೆಗೆ ಬಂದ ಶಟಲನ್ನೆಲ್ಲ ಅವಳೇ ಓಡಿ ಎತ್ತಿದಳು. ನೋಡಿದವರಿಗೆ ಅದು ಅವರ ಆಟದ ರೀತಿಯೆಂದೇ ಅನಿಸುತ್ತಿತ್ತು.

ಪತ್ರಿಕೆಯಲ್ಲಿ ಫೋಟೊ ಬರುತ್ತಿದ್ದುದು ಸ್ಮ್ಯಾಶ್ ಹೊಡೆಯುವ ಅನ್ನಪೂರ್ಣಾಳದು. ಆದರೆ ಎರಡು ವರ್ಷದ ಹಿಂದೆ ಬೆಂಗಳೂರಿನ ಶಿಬಿರದಿಂದ ಕಾಗದ ಬಂದದ್ದು ರಂಜನಾಳೊಬ್ಬಳಿಗೆ. ನೆಟ್ಟಿನ ಹತ್ತಿರ ಅಂಥ ಕೈ ಅಪರೂಪವಂತೆ. ಅನ್ನಪೂರ್ಣಾ ಅವಳನ್ನು ಬಸ್ಸು ಹತ್ತಿಸಿ ಬಂದಳು. ಆಮೇಲೆ ಒಂದು ತಿಂಗಳು ರ್ಯಾಕೆಟ್ ಮುಟ್ಟಲಿಲ್ಲ. ಮುನವಳ್ಳಿಯ ನಾಗರತ್ನಾ ತಾನಾಗಿ ಬಂದು, "ನಿಮ್ಮ ಜೋಡಿ ಆಡ್ಲೇನ್ರಿ ಅಕ್ಕಾರ?" ಎಂದು ಕೇಳಿದ ಮೇಲೆಯೇ ಮತ್ತೆ ಕೋರ್ಟಿಗಿಳಿದದ್ದು. ಹತ್ತೊಂಬತ್ತರ ಹುಡುಗಿ, ಸಿಟ್ಟು ಮೂಗಿನ ತುದಿಯಲ್ಲಿ. ದಿನವೂ ಮುನವಳ್ಳಿಯಿಂದ ಮೊದಲ ಬಸ್ಸಿಗೆ ಬಂದು ಆಡಿ, ಅಲ್ಲಿಂದಲೇ ಕಾಲೇಜಿಗೆ ಓಡುತ್ತಿದ್ದಳು.

ಈಗ ನಾಗರತ್ನಾ ನೀರಿನ ಬಾಟಲಿ ಕೊಡುತ್ತ ದನಿ ತಗ್ಗಿಸಿದಳು.

"ಅಕ್ಕಾರ, ಮೊದಲನೇ ಗೇಮಿನಿಂದ ನೋಡಾಕತ್ತೇನಿ. ರಂಜನಾ ಅಕ್ಕಾರ ಹಿಂದ, ಎಡಮೂಲಿಗೆ, ನೀವು ಒಮ್ಮೀನೂ ಹೊಡದಿಲ್ಲ. ನಾ ಹೊಡೀಲಾಕ ಹೋದರ ಬ್ಯಾಡ ಅಂತೀರಿ."

"ಅಲ್ಲಿ ಆಕಿ ಛಲೋ ಆಡತಾಳ."

"ಖರೇ ಹೇಳ್ರಿ."

ಅನ್ನಪೂರ್ಣಾ ನೀರು ಕುಡಿದಳು. ನಾಗರತ್ನಾ ಬಿಡಲಿಲ್ಲ.

"ನೀವು ನನ್ನ ಜೋಡಿ ಆಡಾಕತ್ತೀರೋ, ಅವರ ಜೋಡಿ ಆಡಾಕತ್ತೀರೋ? ಅಷ್ಟ ಹೇಳ್ರಿ, ಸಾಕು."

ಹುಡುಗಿಯ ಕಣ್ಣು ತುಂಬಿತ್ತು. ಸಿಟ್ಟಿಗೆ ತುಂಬಿದ ಕಣ್ಣು. ಅನ್ನಪೂರ್ಣಾ ಮುಂದಿನ ಸಾಲಿನ ಕುರ್ಚಿಗಳತ್ತ ನೋಡಿದಳು. ಅವರ ಮುಂದೆ ಆ ಕಾಲು ಒಮ್ಮೆ ಸೋತರೆ ಸಾಕು, ರಂಜನಾಳ ಶಿಬಿರ, ಆಟದಿಂದ ಸಿಕ್ಕ ನೌಕರಿ ಎಲ್ಲ ತೂಗಾಡುತ್ತವೆ. ಬಾಟಲಿಯ ಬಿರಡೆ ತಿರುಗಿಸಿ ಕೆಳಗಿಟ್ಟಳು. "ನಡಿ" ಎಂದಳು.

ಸರ್ವ್ ಇವರ ಕೈಗೆ ಬಂತು. ನಾಲ್ಕೈದು ಹೊಡೆತಗಳಾದ ಮೇಲೆ ಶಟಲ್ ಅನ್ನಪೂರ್ಣಾಳ ತಲೆಯ ಮೇಲೆ ಏರಿತು. ಸ್ಮ್ಯಾಶಿಗೆ ಎತ್ತಿದ ಕೈಯನ್ನು ಕೊನೆಯ ಗಳಿಗೆಯಲ್ಲಿ ಸಡಿಲಿಸಿ, ರಂಜನಾಳ ಎಡಭುಜದ ಮೇಲಿಂದ ಮೂಲೆಗೆ ದಾಟಿಸಿದಳು. ರಂಜನಾ ತಿರುಗಿದಳು. ಮೊಣಕಾಲು ನೆಲಕ್ಕೆ ಬಡಿದ ಸಪ್ಪಳ ಹಾಲಿಗೆಲ್ಲ ಕೇಳಿಸಿತು. ಎಂಟು–ಆರು. ಅನ್ನಪೂರ್ಣಾ ಮುಂದಿನ ಸಲವೂ ಅಲ್ಲಿಗೇ ಹೊಡೆದಳು. ಎಂಟು–ಏಳು. ಕುರ್ಚಿಯಲ್ಲಿದ್ದ ಒಬ್ಬರು ಪಕ್ಕದವರ ಕಡೆ ಬಾಗಿ ಏನೋ ಹೇಳಿದರು.

ರಂಜನಾ ಬೂಟಿನ ಲೇಸು ಕಟ್ಟುವ ನೆಪದಲ್ಲಿ ಕೂತು, ತನ್ನ ಜೊತೆಗಾತಿಯನ್ನು, ಮೈಸೂರಿನ ಆ ಎತ್ತರದ ಹುಡುಗಿಯನ್ನು, ಹತ್ತಿರ ಕರೆದಳು. ಎರಡು ಮಾತು ಆಡಿರಬಹುದು. ಮೂರನೆಯ ಸಲ ಶಟಲ್ ಮೂಲೆಗೆ ಇಳಿಯುವಷ್ಟರಲ್ಲಿ ಮೈಸೂರಿನವಳು ಅಲ್ಲಿ ನಿಂತಿದ್ದಳು.

ಆಮೇಲೆ ನಡೆದದ್ದು ಒಳ್ಳೆಯ ಆಟ. ನಾಗರತ್ನಾ ಬಿದ್ದೆದ್ದು ಆಡಿದಳು. ಹನ್ನೆರಡರತನಕ ಬಂದರು. ಹದಿನೈದು–ಹನ್ನೆರಡಕ್ಕೆ ಸೋತರು.

ಹಿಂದಿನ ಪಡಸಾಲೆಯಲ್ಲಿ ರಂಜನಾ ಬೆಂಚಿನ ಮೇಲೆ ಕಾಲು ಚಾಚಿ, ಟವೆಲಿನಲ್ಲಿ ಸುತ್ತಿದ ಬರ್ಫವನ್ನು ಮೊಣಕಾಲಿಗೆ ಒತ್ತಿಕೊಂಡು ಕೂತಿದ್ದಳು. ಅನ್ನಪೂರ್ಣಾ ಹೋಗಿ ಎದುರಿಗೆ ನಿಂತಳು.

"ಮೊದಲನೇ ಗೇಮಿನ್ಯಾಗ ಹೊಡೀತಿ ಅಂತ ಮಾಡಿದ್ದೆ," ಎಂದಳು ರಂಜನಾ.

"ನಿಮ್ಮ ಬೆಂಗಳೂರಿನ ಸಾಹೇಬ್ರು ಮುಂದ ಕುಂತಿದ್ರು."

"ಅವರು ಕುಂತ ಇರ್ತಾರ." ರಂಜನಾ ಬರ್ಫ ಸರಿಸಿಕೊಂಡಳು. "ಎರಡು ವರ್ಷ ನನ್ನ ಜೋಡಿ ಆಡಾಕೀಗೂ ಕಾಲಿನ ಸುದ್ದಿ ಹೇಳಿರಲಿಲ್ಲ, ಅನ್ನಪೂರ್ಣಾ. ಗೊತ್ತಾದರ ತಗದ ಬಿಡ್ತಾರಂತ ಅಂಜಿಕಿ. ಇವತ್ತ ಹೇಳಬೇಕಾತು. ಆಕಿ ಏನೂ ಕೇಳಲಿಲ್ಲ ನೋಡು. 'ಸರಿ, ಅದು ನಾನ್ ನೋಡ್ಕೋತೀನಿ' ಅಂದ್ಲು, ಅಷ್ಟ."

ಅನ್ನಪೂರ್ಣಾ ಕೆಳಗೆ ಕೂತು, ಜಾರುತ್ತಿದ್ದ ಟವೆಲನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಡಾಕ್ಟರಗ ತೋರಸು ಇನ್ನರ."

"ತೋರಸ್ತೇನಿ. ಅವ್ವಾರು ಹ್ಯಾಂಗದಾರ?"

"ಅದಾಳ. ನೀ ಬರವಲ್ಲಿ ಅಂತ ಬೈತಿರತಾಳ."

ರಂಜನಾ ನಕ್ಕಳು. ನಗು ಪೂರ್ತಿಯಾಗುವ ಮೊದಲೇ ಮುಖ ಆಚೆ ತಿರುಗಿಸಿದಳು.

ಮುಂದೆ ಆ ಬೇಸಿಗೆಯಲ್ಲಿ ರಂಜನಾ ಮೊಣಕಾಲಿನ ಆಪರೇಶನ್ ಮಾಡಿಸಿಕೊಂಡು ಮೈಸೂರಿನವಳ ಜೊತೆ ಇನ್ನೂ ನಾಲ್ಕು ವರ್ಷ ಆಡಿದಳು. ಅನ್ನಪೂರ್ಣಾ, ನಾಗರತ್ನಾ ರಾಜ್ಯದ ಎರಡನೆಯ ಜೋಡಿಯಾಗಿ ಊರೂರು ತಿರುಗಿದರು. ಮೊದಲ ಜೋಡಿ ಎಂದೂ ಆಗಲಿಲ್ಲ. ಆ ಸಂಜೆ ಇದು ಯಾರಿಗೂ ತಿಳಿದಿರಲಿಲ್ಲ.

ಹೆದ್ದಾರಿಯ ಬದಿಗೆ ಅನ್ನಪೂರ್ಣಾ, ನಾಗರತ್ನಾ ಬೈಲಹೊಂಗಲದ ಬಸ್ಸಿಗೆ ಕಾಯುತ್ತ ನಿಂತರು. ನಾಗರತ್ನಾ ಬೆನ್ನು ಮಾಡಿ ರಸ್ತೆ ನೋಡುತ್ತಿದ್ದಳು. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಏರಿನಲ್ಲಿ ಏದುಸಿರು ಬಿಡುತ್ತ ಬಂದಾಗ ಚೀಲ ಕೆಳಗಿಟ್ಟು ಹಿಂದೆ ಓಡಿ, ಒಂದು ಗಳ ಜಗ್ಗಿ ತಂದಳು. ಮುರಿದು, ಹೆಚ್ಚು ಸಿಹಿಯಿರುವ ಬುಡದ ಕಡೆಯ ತುಂಡನ್ನು ಅನ್ನಪೂರ್ಣಾಳ ಕೈಗಿಟ್ಟಳು.

"ನಾಳೆ ಎಷ್ಟಕ್ಕ ಬರಲ್ರಿ?"

"ಆರಕ್ಕ."

ಬಸ್ಸು ಬರುವುದು ತಡವಾಯಿತು. ಇಬ್ಬರೂ ಹಲ್ಲಿನಿಂದ ಸಿಪ್ಪೆ ಸುಲಿಯುತ್ತ, ಅಗಿಯುತ್ತ, ಉಗುಳುತ್ತ ನಿಂತರು. ಅವರ ಬೂಟುಗಳ ಸುತ್ತ ರಸ ಹೀರಿದ ಕಬ್ಬಿನ ಬಿಳಿ ಹಿಪ್ಪೆಯ ರಾಶಿ ಬೆಳೆಯುತ್ತ ಹೋಯಿತು.